ಮುಖದ ಮೇಲಿನ ನೆರಳು: ಮನೆಯ ಛಾಯಾಚಿತ್ರಗಳನ್ನು ಕುರಿತು

ಗೃಹಸ್ಥರ ಮನೆಗಳಲ್ಲಿ ನಡೆಯುವ ಕಲೆಗಳ ಪೈಕಿ ವಿಮರ್ಶೆಯ ಕಣ್ಣಿನಿಂದ ತಪ್ಪಿಸಿಕೊಂಡಿರುವುದು ಛಾಯಾಗ್ರಹಣವೊಂದೇ. ಸೊಸೆ ಮಾಡಿದ ಸಾರಿಗೆ ಉಪ್ಪು ಸಾಲದೆಂದು ಹೇಳಲು ಯಾರೂ ಹಿಂಜರಿಯುವುದಿಲ್ಲ. ರಂಗೋಲಿಯ ಒಂದು ಎಳೆ ಓರೆಯಾದರೆ ಮನೆಯ ಹಿರಿಯಳು ಅದನ್ನು ತೋರಿಸಿಯೇ ಮುಂದೆ ಹೋಗುತ್ತಾಳೆ. ಸ್ತೋತ್ರ ಪಠನದಲ್ಲಿ ಹ್ರಸ್ವವು ದೀರ್ಘವಾದರೆ ಅಲ್ಲಿಯೇ ತಡೆದು ತಿದ್ದುವ ಶ್ರಾವಕರು ಪ್ರತಿ ಊರಿನ ಬಸದಿಯಲ್ಲಿಯೂ ಇದ್ದಾರೆ. ಆದರೆ ಛಾಯಾಚಿತ್ರವು ಕೈಗೆ ಬಂದಾಗ ಮಾತ್ರ ಇಡೀ ಕುಟುಂಬದ ರಸಜ್ಞತೆ 'ಚೆನ್ನಾಗಿ ಬಂದಿದೆ', 'ಚೆನ್ನಾಗಿ ಬಂದಿಲ್ಲ' ಎಂಬ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ.

ಈ 'ಬರುವುದು' ಎಂಬ ಕ್ರಿಯಾಪದವನ್ನು ಸ್ವಲ್ಪ ಗಮನಿಸಬೇಕು. ಕನ್ನಡದಲ್ಲಿ ಕವಿಯು ಬರೆಯುತ್ತಾನೆ, ಶಿಲ್ಪಿಯು ಕಡೆಯುತ್ತಾನೆ. ಫೋಟೋ ಮಾತ್ರ ತಾನಾಗಿ 'ಬರುತ್ತದೆ'. ಚಿತ್ರವನ್ನು ನೋಡುವವರು ಮೊದಲು ಹುಡುಕುವುದು ತಮ್ಮ ಮುಖವನ್ನು, ಕೇಳುವುದು 'ನಾನು ಹೇಗೆ ಬಂದಿದ್ದೇನೆ?' ಎಂದು. ಚೆನ್ನಾಗಿ ಬಂದಿದ್ದರೆ ಆ ಶ್ರೇಯಸ್ಸು ಮುಖದ್ದು. ಬಾರದಿದ್ದರೆ ಅಪರಾಧವು ತೆಗೆದವನದು. ಲಾಭವೆಲ್ಲ ಒಬ್ಬ ಪಾಲುದಾರನಿಗೆ, ನಷ್ಟವೆಲ್ಲ ಇನ್ನೊಬ್ಬನಿಗೆ ಎಂಬ ಇಂಥ ಕರಾರಿಗೆ ಪೇಟೆಯಲ್ಲಿ ಯಾರೂ ಸಹಿ ಹಾಕಲಾರರು. ಮನೆಗಳಲ್ಲಿ ಮಾತ್ರ ಅದು ಎರಡು ಮೂರು ತಲೆಮಾರುಗಳಿಂದ ನಡೆದುಬಂದಿದೆ.

ಧಾರವಾಡದ ಕಡೆಯ ಒಂದು ವ್ಯಾಪಾರಿ ಕುಟುಂಬದಲ್ಲಿ ಶ್ರವಣಬೆಳಗೊಳದ ನಾಲ್ಕು ಮಹಾಮಸ್ತಕಾಭಿಷೇಕಗಳ ಚಿತ್ರಗಳಿವೆ. 1981, 1993, 2006, 2018, ಹೀಗೆ ನಾಲ್ಕು ಬಾರಿಯೂ ಆ ಮನೆಯವರು ಯಾತ್ರೆ ಹೋದರು. ನಾಲ್ಕು ಬಾರಿಯೂ ಮನೆಯವರೊಬ್ಬರ ಕೈಯಲ್ಲಿ ಕ್ಯಾಮೆರಾ ಇತ್ತು. ಇವರಲ್ಲಿ ಯಾರೂ ಈ ವಿದ್ಯೆಯನ್ನು ಗುರುಮುಖದಿಂದ ಕಲಿತವರಲ್ಲ. ಇಂಥ ಸಂಗ್ರಹಗಳು ನೂರಾರು ಜೈನ ಮನೆಗಳಲ್ಲಿ ಇರುವುದರಿಂದ, ಇದೊಂದನ್ನು ಬಿಡಿಸಿ ನೋಡಿದರೆ ಬಹುಮಟ್ಟಿಗೆ ಉಳಿದವುಗಳನ್ನೂ ನೋಡಿದಂತಾಗುತ್ತದೆ.

1981ರ ಚಿತ್ರಗಳನ್ನು ತೆಗೆದವರು ಮನೆಯ ಯಜಮಾನರು. ಅವರ ಕೈಯಲ್ಲಿದ್ದದ್ದು ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಲ್ಲೆಲ್ಲ ಕಾಣುತ್ತಿದ್ದ ಅಗ್ಫಾ ಕ್ಲಿಕ್ ತ್ರೀ ಎಂಬ ಪೆಟ್ಟಿಗೆ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಚಿತ್ರಗಳು. ರೋಲಿನ ಬೆಲೆ, ತೊಳೆಯುವ ಕೂಲಿ, ಮುದ್ರಣದ ಖರ್ಚು ಎಲ್ಲವೂ ಗುಂಡಿಯನ್ನು ಒತ್ತುವ ಮೊದಲೇ ಮನಸ್ಸಿನಲ್ಲಿ ಲೆಕ್ಕವಾಗುತ್ತಿದ್ದವು. ಹನ್ನೆರಡರಲ್ಲಿ ಮೂರು ಕೆಟ್ಟು ಒಂಬತ್ತು ಉಳಿದಿವೆ, ಎಲ್ಲವೂ ಕಪ್ಪುಬಿಳುಪು. ಈ ಒಂಬತ್ತರಲ್ಲಿ ಗೊಮ್ಮಟೇಶ್ವರನ ಚಿತ್ರವು ಒಂದೇ ಒಂದು, ಅದೂ ದೊಡ್ಡಬೆಟ್ಟದ ಮೇಲಿಂದ ತೆಗೆದದ್ದಲ್ಲ. ಎದುರಿನ ಚಿಕ್ಕಬೆಟ್ಟದಿಂದ ತೆಗೆದದ್ದು. ಪ್ರಾಕಾರದ ಗೋಡೆಯ ಮೇಲೆ ಸ್ವಾಮಿಯ ಶಿರಸ್ಸು, ಭುಜಗಳು, ಅದರ ಹಿಂದೆ ಅಟ್ಟಣಿಗೆಯ ಗೆರೆಗಳು ಕಾಣುತ್ತವೆ. ಎಲ್ಲವೂ ಕಿರುಬೆರಳ ಉಗುರಿನಷ್ಟು. 'ಅಷ್ಟು ದೂರ ಹೋಗಿ ಗೊಮ್ಮಟನನ್ನು ಇಷ್ಟು ಸಣ್ಣಗೆ ತೆಗೆದುಕೊಂಡು ಬಂದರು' ಎಂಬುದು ಮನೆಯಲ್ಲಿ ಆ ಚಿತ್ರದ ಮೇಲೆ ನಿಂತುಹೋದ ತೀರ್ಪು.

ಈ ತೀರ್ಪು ಪುನರ್ವಿಚಾರಣೆಗೆ ಯೋಗ್ಯವಾಗಿದೆ. ಸುಮಾರು 58 ಅಡಿಗಳ ಏಕಶಿಲಾ ಮೂರ್ತಿಯು ಸುತ್ತಾಲಯದಿಂದ ಆವೃತವಾದ ಅಂಗಳದಲ್ಲಿ ನಿಂತಿದೆ. ಆ ಅಂಗಳದಲ್ಲಿ ಎಷ್ಟು ಹಿಂದೆ ಸರಿದರೂ ಸಾಲದು. ಪಾದದ ಬಳಿ ನಿಂತು ಕ್ಯಾಮೆರಾವನ್ನು ಮೇಲೆತ್ತಿದರೆ ಪಾದಗಳು ಬೃಹತ್ತಾಗಿಯೂ ಮುಖವು ಸಣ್ಣದಾಗಿಯೂ ಮೂಡುತ್ತವೆ. ಇದು ಮಸೂರದ ದೋಷವಲ್ಲ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದು ದೃಷ್ಟಿಯ ನಿಯಮ. ಶಿಲ್ಪಿಯು ಕೊಟ್ಟ ಭುಜಗಳ ಹರವು, ತಲೆಗೂ ಎದೆಗೂ ಇರುವ ಅನುಪಾತ ಇವು ಸರಿಯಾಗಿ ಉಳಿಯಬೇಕಾದರೆ ದೂರಕ್ಕೆ ಹೋಗಲೇಬೇಕು. ಯಜಮಾನರಿಗೆ ಈ ಶಾಸ್ತ್ರವು ತಿಳಿದಿತ್ತೋ ಇಲ್ಲವೋ, ಅವರ ಕಾಲುಗಳು ಸರಿಯಾದ ಜಾಗಕ್ಕೆ ಹೋದವು. ಆ ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಬೆಟ್ಟದ ಗೆರೆಯು ಎಡಕ್ಕೆ ವಾಲಿದೆ. ಕೆಳಗಿನ ಮೂಲೆಯಲ್ಲಿ ಯಾರದೋ ಛತ್ರಿಯ ತುದಿ ನುಗ್ಗಿದೆ. ಆದರೂ ಮೂರ್ತಿಯು ಬೆಟ್ಟದೊಳಗಿಂದಲೇ ಎದ್ದು ನಿಂತಿದೆ ಎಂಬ ಅರಿವನ್ನು ಕೊಡುವ ಚಿತ್ರವು ನಾಲ್ಕು ಬಾರಿಯ ಸಂಗ್ರಹದಲ್ಲಿ ಇದೊಂದೇ. ಬಣ್ಣವೂ ಇಲ್ಲದ, ಗಾತ್ರವೂ ಇಲ್ಲದ ಈ ಸಣ್ಣ ತುಂಡನ್ನು ಉಳಿದವುಗಳಿಗಿಂತ ಮೇಲೆ ಇಡಲು ಅಷ್ಟು ಸಾಕು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಫಿಲ್ಮಿನ ಮೇಲೆ ಬೆಳಕನ್ನು ಹಿಡಿಯುವ ಲೇಪದಲ್ಲಿ ಬೆಳ್ಳಿಯ ಲವಣಗಳನ್ನು ಹಿಡಿದಿಡುವ ವಸ್ತುವೇ ಜೆಲಾಟಿನ್. ಅದನ್ನು ತೆಗೆಯುವುದು ದನಗಳ ಎಲುಬು ಮತ್ತು ಚರ್ಮಗಳಿಂದ. ರೇಷ್ಮೆಯನ್ನು ಬಿಟ್ಟ, ಜೇನನ್ನು ಬಿಟ್ಟ ಶ್ರಾವಕರೂ ತಿಳಿಯದೆ ರೋಲಿನ ಮೇಲೆ ರೋಲು ಕೊಂಡರು, ಆ ಚಿತ್ರಗಳನ್ನು ದೇವರ ಕೋಣೆಯಲ್ಲಿಯೂ ಇಟ್ಟರು. ಫಿಲ್ಮು ಇಲ್ಲದ ಕ್ಯಾಮೆರಾ ಬಂದದ್ದರಿಂದ ಈ ಒಂದು ಬಾಧೆಯು ಕಡಿಮೆಯಾಯಿತು. ಯಾವ ಸಭೆಯೂ ನಿರ್ಣಯ ಮಾಡದೆ, ಯಾವ ಉಪದೇಶವೂ ಇಲ್ಲದೆ ನಡೆದ ಸುಧಾರಣೆಗಳಲ್ಲಿ ಇದೂ ಒಂದು.

ಇನ್ನು 1993ರ ಡಿಸೆಂಬರ್. ಆ ವೇಳೆಗೆ ಮನೆಯ ಕಿರಿಯ ಮಗನ ಕೈಗೆ ಮೂವತ್ತೈದು ಮಿಲಿಮೀಟರಿನ ಸ್ವಯಂಚಾಲಿತ ಕ್ಯಾಮೆರಾ ಬಂದಿತ್ತು. ಮೂವತ್ತಾರು ಚಿತ್ರಗಳ ಬಣ್ಣದ ರೋಲು. ಊರಿಗೆ ಮರಳಿ, ಸ್ಟುಡಿಯೋದಿಂದ ಲಕೋಟೆ ಬಂದಾಗ ಮನೆಯವರೆಲ್ಲ ಪಡಸಾಲೆಯಲ್ಲಿ ಕೂತು ನೋಡಿದರು. ಕಲಶ ಹೊತ್ತವರು ಸ್ಪಷ್ಟ, ಜನಸಾಗರ ಸ್ಪಷ್ಟ, ಆಕಾಶ ಬೆಳ್ಳಗೆ. ಸ್ವಾಮಿಯ ಮುಖ ಮಾತ್ರ ಕತ್ತಲೆ. ಒಂದಲ್ಲ, ಹತ್ತಾರು ಚಿತ್ರಗಳಲ್ಲಿ ಹಾಗೆಯೇ. ಹಾಲಿನ ಅಭಿಷೇಕವೂ ಬಿಳಿಯಾಗಿ ಮೂಡದೆ ನೀಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಯಾರೋ ನಕ್ಕರು. ಯಾರೋ 'ಇಷ್ಟು ರೊಕ್ಕ ಹಾಕಿ ಕತ್ತಲಿ ತಂದಾನ' ಎಂದರು. ಮರುವರ್ಷದ ಹೊತ್ತಿಗೆ ಮನೆಯ ಮಕ್ಕಳ ಬಾಯಲ್ಲಿ ಅವರು 'ಕತ್ತಲಿ ಕಾಕಾ' ಆಗಿದ್ದರು. ಆ ಹೆಸರಿನಲ್ಲಿ ದ್ವೇಷವಿರಲಿಲ್ಲ, ಸಲಿಗೆಯೇ ಇತ್ತು. ಆದರೆ ಕಾಕಾ ಆ ಕ್ಯಾಮೆರಾವನ್ನು ಬೀರುವಿನೊಳಗೆ ಇಟ್ಟವರು ಮತ್ತೆ ಹೊರಗೆ ತೆಗೆಯಲಿಲ್ಲ. ಸ್ವಂತ ತಂಗಿಯ ಮದುವೆಯಲ್ಲಿಯೂ ತೆಗೆಯಲಿಲ್ಲ.

ಆ ಕತ್ತಲೆಗೆ ಕಾರಣವೇನು? ಗೊಮ್ಮಟೇಶ್ವರನು ಉತ್ತರಾಭಿಮುಖನಾಗಿ ನಿಂತಿದ್ದಾನೆ. ಡಿಸೆಂಬರಿನಲ್ಲಿಯೂ ಫೆಬ್ರವರಿಯಲ್ಲಿಯೂ ಸೂರ್ಯನು ದಿನವಿಡೀ ದಕ್ಷಿಣದ ಕಡೆಯಲ್ಲಿ ಸಂಚರಿಸುತ್ತಾನೆ. ಎಂದರೆ ಮೂರ್ತಿಯ ಬೆನ್ನಿಗೆ ಬಿಸಿಲು, ಮುಖಕ್ಕೆ ನೆರಳು. ಬೆಳಿಗ್ಗೆ ಬಲಭುಜದ ಅಂಚಿಗೆ, ಸಂಜೆ ಎಡಭುಜದ ಅಂಚಿಗೆ ಒಂದಿಷ್ಟು ಬಿಸಿಲು ತಾಗೀತು. ಮುಖಕ್ಕೆ ನೇರವಾಗಿ ಬೀಳದು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಬೆಳಗೊಳದಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ತುಸು ಉತ್ತರಕ್ಕೆ ಸರಿಯುತ್ತಾನೆ. ಮೇಲೆ ಹೇಳಿದ ನಾಲ್ಕು ಮಹೋತ್ಸವಗಳಲ್ಲಿ ಮೂರು ಫೆಬ್ರವರಿಯಲ್ಲಿ, ಒಂದು ಡಿಸೆಂಬರಿನಲ್ಲಿ ನಡೆದವು. ಎದುರಿಗೆ ನಿಂತು ತೆಗೆಯುವವನ ಕಣ್ಣಿಗೆ ಮೂರ್ತಿಯ ಹಿಂದೆ ಉರಿಯುವ ಆಕಾಶವೇ ಕಾಣುತ್ತದೆ. ಸ್ವಯಂಚಾಲಿತ ಕ್ಯಾಮೆರಾವು ಆ ಆಕಾಶದ ಪ್ರಕಾಶವನ್ನು ಅಳೆದು, ಬೆಳಕು ಹೆಚ್ಚಾಯಿತೆಂದು ಬಗೆದು, ಒಳಗೆ ಬರುವ ಬೆಳಕನ್ನು ತಗ್ಗಿಸುತ್ತದೆ. ನೆರಳಿನಲ್ಲಿರುವ ಮುಖವು ಇನ್ನಷ್ಟು ಕಪ್ಪಾಗುತ್ತದೆ. ನೆರಳಿಗೆ ಬರುವ ಬೆಳಕು ಬಹುಪಾಲು ನೀಲಿ ಆಕಾಶದ್ದಾದ್ದರಿಂದ ಹಾಲು ನೀಲಿಯಾಗುತ್ತದೆ. ಇಷ್ಟೇ ಸಂಗತಿ. ಆ ದಿನ ಆ ಅಂಗಳದಲ್ಲಿ ಅಂಥದೇ ಕ್ಯಾಮೆರಾವನ್ನು ಹಿಡಿದಿದ್ದ ಬಹುಮಂದಿಯ ರೋಲುಗಳಲ್ಲಿ ಇದೇ ಕತ್ತಲೆ ಮನೆಗೆ ಹೋಗಿರಬೇಕು.

ಕಾಕಾನ ತಪ್ಪು ಏನೂ ಇರಲಿಲ್ಲವೆಂದು ಹೇಳಿದರೆ ಅದೂ ಮುಖಸ್ತುತಿಯಾದೀತು. ಮೂವತ್ತಾರು ಬಾರಿ ಗುಂಡಿ ಒತ್ತಿದವರು ಒಮ್ಮೆಯಾದರೂ ಪಕ್ಕಕ್ಕೆ ಸರಿದು, ಬೆಳಕಿನ ಅಂಚು ಬಿದ್ದ ಭುಜವನ್ನಾಗಲಿ ಬಳ್ಳಿ ಹಬ್ಬಿದ ತೋಳನ್ನಾಗಲಿ ತೆಗೆಯಬಹುದಿತ್ತು. ಎದುರಿನಿಂದಲೇ, ಪೂರ್ತಿಯಾಗಿಯೇ, ಮುಖವೇ ಬೇಕೆಂಬ ಹಟ ಅವರಿಗಿತ್ತು. ಆದರೆ ಇದನ್ನು ಅವರಿಗೆ ಹೇಳಿದವರು ಯಾರು? 'ಕತ್ತಲಿ' ಎಂದವರು ದೋಷವನ್ನು ನೋಡಿದರು; ಅದರ ಕಾರಣವನ್ನು ಹುಡುಕಲಿಲ್ಲ. ಜ್ವರ ಬಂದಿದೆಯೆಂದು ಹೇಳುವುದಕ್ಕೆ ವೈದ್ಯನು ಬೇಕಾಗಿಲ್ಲ. ಭಾಷಾ ಸಮಿತಿಯನ್ನು ಕುರಿತ ಉಪನ್ಯಾಸಗಳಲ್ಲಿ ಹಿತವೂ ಮಿತವೂ ಆದ ಮಾತಿನ ಬಗೆಗೆ ಎಷ್ಟೋ ಕೇಳುತ್ತೇವೆ. ಆ ಪಡಸಾಲೆಯಲ್ಲಿ ಆಡಿದ ಮಾತು ಮಿತವೇ ಆಗಿತ್ತು. ಎರಡೇ ಅಕ್ಷರ ಕಡಿಮೆಯಿದ್ದರೂ ಅದು ಹಿತವಾಗುತ್ತಿರಲಿಲ್ಲ.

ನಗರಗಳ ಹವ್ಯಾಸಿ ಸಂಘಗಳಲ್ಲಿ ಈ ವಿಷಯದಲ್ಲಿ ಒಂದು ಶಿಸ್ತು ಬೆಳೆದಿದೆ. ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಶ್ರಮದಿಂದ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವು ರೂಪುಗೊಂಡಿತು. 1971ರಲ್ಲಿ ಅದೇ ನಗರದಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮುಂತಾದವರು ವನ್ಯಜೀವಿಗಳ ಚಿತ್ರಗಳಿಂದ ಈ ನಾಡಿನ ಹವ್ಯಾಸಿಗಳ ಹೆಸರನ್ನು ಹೊರದೇಶಗಳಿಗೂ ಮುಟ್ಟಿಸಿದರು. ಇಂಥ ವಲಯಗಳ ಸ್ಪರ್ಧೆಗಳಲ್ಲಿ ತೆಗೆದವನ ಹೆಸರನ್ನು ತೀರ್ಪುಗಾರರಿಗೆ ತಿಳಿಸದೆ ಚಿತ್ರವನ್ನು ಮುಂದಿಡುವ ಪದ್ಧತಿಯಿದೆ. ಮನೆಯಲ್ಲಿ ಇದು ಅಸಾಧ್ಯ. ಯಾರು ತೆಗೆದದ್ದೆಂದು ಎಲ್ಲರಿಗೂ ಗೊತ್ತು, ಯಾರನ್ನು ತೆಗೆದದ್ದೆಂಬುದೂ ಗೊತ್ತು. ಆದ್ದರಿಂದ ಮನೆಯ ವಿಮರ್ಶೆಯು ಸಂಘದ ವಿಮರ್ಶೆಯ ನಕಲು ಆಗಬೇಕಾಗಿಲ್ಲ. ಚೌಕಟ್ಟನ್ನು ಮೂರು ಭಾಗ ಮಾಡಿ ಗೆರೆಯ ಮೇಲೆ ಮುಖವನ್ನು ಕೂರಿಸಬೇಕೆಂಬ ಸೂತ್ರವನ್ನು ಅಜ್ಜನ ಎಂಬತ್ತನೆಯ ಹುಟ್ಟುಹಬ್ಬದ ಚಿತ್ರಕ್ಕೆ ಹಚ್ಚುವವರನ್ನು ಕಂಡರೆ ಮರುಕವಾಗುತ್ತದೆ.

ಹಾಗೆಂದು ಮೆಚ್ಚುಗೆಯೊಂದೇ ಸಾಕೆನ್ನುವ ಪಕ್ಷವೂ ಸರಿಯಲ್ಲ. ಈ ಪಕ್ಷದವರು ಕೆಲವೊಮ್ಮೆ ಅನೇಕಾಂತವನ್ನು ಅಡ್ಡ ತರುವುದುಂಟು: ಅವರವರ ದೃಷ್ಟಿಯಲ್ಲಿ ಎಲ್ಲವೂ ಸುಂದರವಂತೆ. ಇದು ಸೋಮಾರಿತನಕ್ಕೆ ಹೊದಿಸಿದ ಶಾಲು. 'ಸ್ಯಾತ್' ಎಂಬ ಪದವು ಮಾತನ್ನು ಸಡಿಲಗೊಳಿಸುವುದಕ್ಕಲ್ಲ. ಯಾವ ದೃಷ್ಟಿಯಿಂದ ಈ ಮಾತು ಸತ್ಯ ಎಂಬುದನ್ನು ಬಿಗಿಯಾಗಿ ಗೊತ್ತುಪಡಿಸುವುದಕ್ಕೆ. ಛಾಯಾಚಿತ್ರವೆಂದರೆ ಕಣ್ಣಿಗೆ ಕಾಣುವಂತೆ ಮೂಡಿದ ಒಂದು ನಯ. ಒಂದು ನಿಲುವಿನಿಂದ, ಒಂದು ಕ್ಷಣದಲ್ಲಿ, ಒಂದು ಬೆಳಕಿನಲ್ಲಿ ವಸ್ತುವು ಹೇಗಿತ್ತೋ ಅಷ್ಟನ್ನು ಮಾತ್ರ ಅದು ಹೇಳುತ್ತದೆ. ನೆನಪಿನ ದೃಷ್ಟಿಯಿಂದ ಅಮೂಲ್ಯವಾದ ಚಿತ್ರವು ಬೆಳಕಿನ ದೃಷ್ಟಿಯಿಂದ ಕೆಟ್ಟದ್ದಾಗಿರಬಹುದು. ಎರಡನ್ನೂ ಬೇರೆ ಬೇರೆಯಾಗಿ ಹೇಳುವುದು ಅಂಥ ಕಷ್ಟದ ಕೆಲಸವೇನಲ್ಲ. ಜಮೆಯ ಬಾಬನ್ನು ಖರ್ಚಿನ ಬಾಬಿನಲ್ಲಿ ಬರೆಯದಿರುವಷ್ಟು ಎಚ್ಚರ ಸಾಕು.

2006ರ ಚಿತ್ರಗಳ ಬಗೆಗೆ ಹೆಚ್ಚು ಹೇಳಲು ಉಳಿದಿಲ್ಲ. ಅವು ಫಿಲ್ಮಿಲ್ಲದ ಕ್ಯಾಮೆರಾದಿಂದ ತೆಗೆದವು. ಸಿಡಿಯೊಂದರಲ್ಲಿ ತುಂಬಿಟ್ಟರು, ಈಗ ಆ ಸಿಡಿಯನ್ನು ಓದುವ ಯಂತ್ರವು ಮನೆಯಲ್ಲಿಲ್ಲ. ಯಜಮಾನರ ಒಂಬತ್ತು ಕಾಗದಗಳು ಹುಳು ಹಿಡಿಯದೆ ಉಳಿದಿರುವಾಗ ಅದಕ್ಕಿಂತ ಕಾಲು ಶತಮಾನ ಕಿರಿಯವಾದ ನಾನೂರು ಚಿತ್ರಗಳು ಕಣ್ಮರೆಯಾಗಿವೆ.

2018ರಲ್ಲಿ ಚಿತ್ರ ತೆಗೆದವಳು ಕಾಕಾನ ಅಣ್ಣನ ಮಗಳು, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿ. ಅವಳು ಮೊಬೈಲ್ ಫೋನಿನಲ್ಲಿ ತೆಗೆದದ್ದು ಸಾವಿರಕ್ಕೂ ಮಿಕ್ಕು. ಅವಳ ಚಿತ್ರಗಳಲ್ಲಿ ಸ್ವಾಮಿಯ ಮುಖವು ಬೆಳಗಿತ್ತು. ಫೋನು ಒಂದೇ ಗಳಿಗೆಯಲ್ಲಿ ಹಲವು ಚಿತ್ರಗಳನ್ನು ತೆಗೆದು, ಆಕಾಶಕ್ಕೆ ಒಂದನ್ನು ನೆರಳಿಗೆ ಇನ್ನೊಂದನ್ನು ಹೊಂದಿಸಿ ಹೆಣೆಯುತ್ತದೆ; ಕೈಚಳಕ ಯಂತ್ರದ್ದು. ಮನೆಯವರು ಅದನ್ನೂ 'ಛಂದ ಬಂದಾವ' ಎಂದು ಹೊಗಳಿದರು. ಆದರೆ ಆ ಹುಡುಗಿಗೆ ಅಲ್ಲಿ ನಿಂತಾಗಲೇ ಒಂದು ಪ್ರಶ್ನೆ ಹುಟ್ಟಿತ್ತು: ಕಣ್ಣಿಗೆ ನೆರಳಾಗಿ ಕಾಣುವ ಮುಖವು ಫೋನಿನಲ್ಲಿ ಮಾತ್ರ ಬೆಳಕಾಗುವುದು ಹೇಗೆ? ದಿಕ್ಕನ್ನು ವಿಚಾರಿಸಿದಳು. ಊರಿಗೆ ಬಂದು ಹಳೆಯ ಲಕೋಟೆಯನ್ನು ತೆಗೆಸಿ, ಎಲ್ಲರ ಎದುರಿಗೆ, 'ಕಾಕಾ, ತಪ್ಪು ನಿಮ್ಮದಲ್ಲ, ಸ್ವಾಮಿ ಉತ್ತರಕ್ಕ ಮುಖ ಮಾಡಿ ನಿಂತಾನ' ಎಂದಳು. ಕಾಕಾ ಚಿತ್ರಗಳನ್ನು ಒಂದೊಂದಾಗಿ ನೋಡಿ ಲಕೋಟೆಗೆ ಹಾಕಿದರು. 'ಇಪ್ಪತ್ತೈದು ವರ್ಷದ ಮ್ಯಾಲೆ ದಿಕ್ಕು ತೋರಿಸಿದಿ ನೋಡವ್ವ' ಎಂದು ಮಾತ್ರ ಹೇಳಿದರಂತೆ. ಆ ಕುಟುಂಬದಲ್ಲಿ ನಡೆದ ಮೊದಲ ನಿಜವಾದ ವಿಮರ್ಶೆ ಅದೇ ಎನ್ನಬೇಕು.

ಅದೇ ಹುಡುಗಿಯ ಇನ್ನೊಂದು ಚಿತ್ರದ ಕಥೆ ಹೀಗಿಲ್ಲ. ಅಜ್ಜಿಯವರು ಡೋಲಿಯಲ್ಲಿ ಹೋಗಲು ಒಪ್ಪದೆ, ಆರುನೂರಕ್ಕೂ ಮಿಕ್ಕ ಆ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಿದರು. ಇಳಿಯುವಾಗ ಒಂದು ಕಡೆ ಬಂಡೆಗೆ ಒರಗಿ ಕುಳಿತು ತೂಕಡಿಸಿದರು. ತಲೆಯ ಮೇಲಿನ ಸೆರಗು ಜಾರಿತ್ತು, ಬಾಯಿ ತುಸು ತೆರೆದಿತ್ತು, ಒಂದು ಕೈ ಮೊಣಕಾಲಿನ ಮೇಲೆ ಅಂಗಾತ ಬಿದ್ದಿತ್ತು. ಸಂಜೆಯ ಬಿಸಿಲು ಆ ಅಂಗೈಯೊಳಗೆ ಕುಳಿತಿದೆ. ನಾಲ್ಕು ಯಾತ್ರೆಗಳ ಸಂಗ್ರಹದಲ್ಲಿ, ಯಜಮಾನರ ಒಂದು ಚಿತ್ರವನ್ನು ಬಿಟ್ಟರೆ, ಕಲೆಯೆಂದು ಎತ್ತಿ ಹಿಡಿಯಬಹುದಾದದ್ದು ಇದು. ಎಂಬತ್ತರ ಹತ್ತಿರದ ದೇಹವು ಒಂದು ವ್ರತವನ್ನು ಮುಗಿಸಿ ದಣಿದಿರುವುದನ್ನು ಹೇಳಲು ಬೇರೆ ಮಾತು ಬೇಕಾಗಿಲ್ಲ.

ಹುಡುಗಿಯು ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಅಲ್ಲಿಂದ ಯಾರೋ ಬೀಗರ ಗುಂಪಿಗೆ, ಬೀಗರು ಅವರ ಓಣಿಯವರಿಗೆ. ದಾರಿಯಲ್ಲಿ ಎಲ್ಲಿಯೋ ಅದರ ಮೇಲೆ ನಗುವ ಮುಖವೊಂದು ಅಂಟಿಕೊಂಡಿತು. ನಿದ್ದೆಯ ಬಗೆಗೆ ಒಂದು ಹಾಸ್ಯದ ಸಾಲೂ ಸೇರಿತು. ವಾರದೊಳಗೆ ಬಸದಿಯಲ್ಲಿ ಒಬ್ಬಾಕೆ ಅಜ್ಜಿಯವರಿಗೇ ಅದನ್ನು ತೋರಿಸಿದಳು.

ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನಂಬಿ ಇಟ್ಟ ಅಡವಿನ ಪೂರ್ತಿ ಲೆಕ್ಕವನ್ನು ಇಟ್ಟವನು ಮರೆತಾಗ, ಅವನು ಕೇಳಿದಷ್ಟನ್ನೇ ಕೊಟ್ಟು ಉಳಿದುದರ ಬಗೆಗೆ ಸುಮ್ಮನಿರುವುದು ಅದರ ವಿವರಣೆ. ವ್ಯಾಪಾರಿಗಳ ಸಮಾಜಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯವರ ನಡುವೆ ಮೈಮರೆತು ಕುಳಿತವರ ಮುಖವೂ ಒಂದು ನ್ಯಾಸವೇ. ಅದನ್ನು ಇಟ್ಟವರಿಗೆ ಇಟ್ಟದ್ದೇ ಗೊತ್ತಿರುವುದಿಲ್ಲ. ಆದ್ದರಿಂದ ಪಡೆದವರ ಹೊಣೆ ಹೆಚ್ಚು. ಮೊದಲು ಕಳಿಸಿದ ಹುಡುಗಿಯದು ತಪ್ಪೇ? ಮನೆಯ ಗುಂಪಿನ ಮಟ್ಟಿಗೆ ಅಲ್ಲವೆಂದೇ ಹೇಳಬೇಕು. ಆಲ್ಬಮನ್ನು ಪಡಸಾಲೆಯಲ್ಲಿ ಬಿಚ್ಚಿದಂತೆಯೇ ಅದು. ಎರಡನೆಯ ಕೈಯಿಂದ ಮೂರನೆಯ ಕೈಗೆ ಹೋದಲ್ಲಿ ಅಡವು ಕಳೆದುಹೋಯಿತು. ಆಲ್ಬಮು ಬೀಗರ ಮನೆಗೆ ಹೋಗಬೇಕಾದರೆ ಅದನ್ನು ಹೊತ್ತುಕೊಂಡು ಒಬ್ಬರು ಹೋಗಬೇಕಾಗಿತ್ತು, ಎದುರಿಗೆ ಕುಳಿತು ತೋರಿಸಬೇಕಾಗಿತ್ತು. ಆ ಶ್ರಮವೇ ಒಂದು ಕಾವಲಾಗಿತ್ತು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಈ ಮಾತು ಸಂಬಂಧಿಸಿದೆ. ಮುನಿಗಳ ಆಹಾರದ ವೇಳೆ, ಕೇಶಲೋಚದ ವೇಳೆ ಶ್ರಾವಕರು ತೆಗೆದ ಚಿತ್ರಗಳು ಭಕ್ತಿಯಿಂದ ತೆಗೆದವೇ ಆಗಿರುತ್ತವೆ. ಆದರೆ ದಿಗಂಬರತ್ವದ ಅರ್ಥವನ್ನು ಅರಿಯದವರ ಕೈಗೆ ಅವು ಸಿಕ್ಕಾಗ ಏನಾಗುತ್ತದೆಂಬುದನ್ನು ಅನೇಕರು ನೋವಿನಿಂದ ಕಂಡಿದ್ದಾರೆ. 'ಛಾಯಾಚಿತ್ರ ನಿಷೇಧಿಸಲಾಗಿದೆ' ಎಂಬ ಫಲಕವನ್ನು ತೂಗುಹಾಕಿ ಕಾರಣವನ್ನು ಹೇಳದಿದ್ದರೆ ಕದ್ದು ತೆಗೆಯುವವರು ಹೆಚ್ಚುತ್ತಾರೆ, ಅಷ್ಟೆ. ಇನ್ನೊಂದು ಕಡೆ, ಪಂಚಕಲ್ಯಾಣದ ಸ್ಮರಣ ಸಂಚಿಕೆಗೆ, ಗೋಡೆಯ ಕ್ಯಾಲೆಂಡರಿಗೆ ಹವ್ಯಾಸಿಗಳ ಚಿತ್ರಗಳನ್ನು ಪಡೆದು ಹೆಸರಿಲ್ಲದೆ ಅಚ್ಚು ಹಾಕಿಸುವ ಅಭ್ಯಾಸವಿದೆ. ಜಾಹೀರಾತು ಕೊಟ್ಟ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಬೆಳಗಿನ ಐದಕ್ಕೆ ಎದ್ದು ಬೆಟ್ಟ ಹತ್ತಿ ಚಿತ್ರ ತೆಗೆದವನ ಹೆಸರು ಸಣ್ಣಕ್ಷರದಲ್ಲಿಯೂ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯು ವೃತ್ತಿಪರನ ಚಿತ್ರಕ್ಕೆ ಕೊಡುವ ರಕ್ಷಣೆಯನ್ನೇ ಹವ್ಯಾಸಿಯ ಚಿತ್ರಕ್ಕೂ ಕೊಟ್ಟಿದೆ. ಕಾಯಿದೆಯ ಮಾತು ಹಾಗಿರಲಿ, ಅಚೌರ್ಯವನ್ನು ಬೋಧಿಸುವ ಸಂಚಿಕೆಯ ಮುಖಪುಟವೇ ಹೀಗೆ ಬಂದರೆ ಓದುವವರಿಗೆ ಏನನ್ನಿಸೀತು?

ಅಜ್ಜಿಯವರು ಆ ಚಿತ್ರವನ್ನು ನೋಡಿ ಕೋಪಿಸಿಕೊಳ್ಳಲಿಲ್ಲ. ಮನೆಗೆ ಬಂದು ಮೊಮ್ಮಗಳನ್ನು ಕರೆದು, 'ನನ್ನ ಕೇಳಿದ್ದರ ಸೆರಗು ಸರಿ ಮಾಡ್ಕೊತಿದ್ದೆ' ಎಂದರು. ವಿಮರ್ಶಕನನ್ನು ಇಕ್ಕಟ್ಟಿಗೆ ಸಿಲುಕಿಸುವ ಮಾತು ಇದು. ಕೇಳಿದ್ದರೆ ಅವರು ಎಚ್ಚರಗೊಳ್ಳುತ್ತಿದ್ದರು, ಸೆರಗು ಸರಿಯಾಗುತ್ತಿತ್ತು, ಕೈ ಮಡಿಲಿಗೆ ಬರುತ್ತಿತ್ತು, ಆ ಚಿತ್ರ ಇರುತ್ತಿರಲಿಲ್ಲ. ಅಂಥ ಚಿತ್ರವು ಇರಬೇಕೆಂದು ಕಲೆಯ ಪರವಾಗಿ ವಾದಿಸಬಹುದು. ಆದರೆ ಆ ವಾದದ ಬೆಲೆಯನ್ನು ತೆರುವವರು ವಾದಿಸುವವರಲ್ಲ. ಹುಡುಗಿಯು ತನ್ನ ಫೋನಿನಿಂದ ಚಿತ್ರವನ್ನು ಅಳಿಸಲು ಹೋದಾಗ ತಡೆದವರು ಕಾಕಾ. ಬೇರೆ ಮನೆಗಳ ಫೋನುಗಳಲ್ಲಿ ಅದು ಇನ್ನೂ ಇದ್ದೀತು; ಅದನ್ನು ಹಿಂದಕ್ಕೆ ತರುವ ಉಪಾಯ ಯಾರಿಗೂ ತೋಚಲಿಲ್ಲ.

ಕೊನೆಗೆ ಸ್ಟುಡಿಯೋದಲ್ಲಿ ಅದರ ಒಂದೇ ಪ್ರತಿಯನ್ನು ಕಾಗದಕ್ಕೆ ಮುದ್ರಿಸಿದರು. ಹಿಂಬದಿಯಲ್ಲಿ ಹುಡುಗಿಯ ಹೆಸರು, ದಿನಾಂಕ, 'ದೊಡ್ಡಬೆಟ್ಟದಿಂದ ಇಳಿಯುವಾಗ' ಎಂಬ ಮಾತು ಇವನ್ನು ಕಾಕಾ ತಮ್ಮ ಲೆಕ್ಕದ ಅಕ್ಷರದಲ್ಲಿ ಬರೆದರು. ಆ ಪ್ರತಿಯು ಅಜ್ಜಿಯವರ ಟ್ರಂಕಿನಲ್ಲಿ, ಯಜಮಾನರ ಒಂಬತ್ತು ಚಿತ್ರಗಳ ಜೊತೆಗೆ ಸೇರಿತು. ನೋಡಬೇಕೆಂದವರು ಅವರನ್ನೇ ಕೇಳಬೇಕು. ಅವರು ಮೊದಲು ಕೇಳಿದವರ ಮುಖವನ್ನು ನೋಡುತ್ತಾರೆ. ಆಮೇಲೆ ಬೀಗದ ಕೈ ಹುಡುಕುತ್ತಾರೆ.